ಹೊಲಿಗೆಯೊಳಗೆ ಬಿಡುವ ಬಟ್ಟೆ

ನಮ್ಮ ಸ್ತನ ಕ್ಯಾನ್ಸರ್ ವಾರ್ಡಿನಲ್ಲಿ ಟೈಲರಕ್ಕನೂ ನಮ್ಮಂತೆ ಒಂದು ಮೊಲೆ ಕಳೆದುಕೊಂಡವಳೇ. ಎಲ್ಲರಿಗೂ ಒಂದು ಬದಿಗೆ ಹತ್ತಿ ತುಂಬಿದ ಒಳಂಗಿ ಹೊಲಿದುಕೊಡುತ್ತಿದ್ದಳು. ಮುಂದೆ ಮೈ ತುಂಬಿಕೊಂಡಾಗ ಬಿಚ್ಚಿ ಸಡಿಲಿಸಲೆಂದು ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಬಿಡುತ್ತಿದ್ದಳು.

ನಮ್ಮ ಜೊತೆಯಲ್ಲೇ ಇದ್ದ ಟೀಚರಮ್ಮನಿಗೆ ಇನ್ನು ಯಾವ ಔಷಧಿಯೂ ನಾಟುವುದಿಲ್ಲವೆಂದು ಡಾಕ್ಟರು ನಿನ್ನೆ ಹೇಳಿಹೋದರು. ಇವತ್ತು ಟೀಚರಮ್ಮ, ಟೈಲರಕ್ಕ ಹೊಲಿದುಕೊಟ್ಟ ಹೊಸ ಒಳಂಗಿಯ ಒಳಮಗ್ಗುಲು ತಡವಿದರು.

"ಜಿಪುಣಿ, ನಂಗೆ ಬಟ್ಟೇನೇ ಬಿಟ್ಟಿಲ್ವಲ್ಲೇ!"

ಟೈಲರಕ್ಕ ಬಿಳಿಚಿಕೊಂಡಳು. "ಅಯ್ಯೋ, ಕತ್ತರಿಸುವಾಗ ಕೈ ತಪ್ಪಿಹೋಯ್ತು ಟೀಚರಮ್ಮ. ಬೇರೆ ಹೊಲೀತೀನಿ, ಕೊಡಿ."

"ಬೇಡ ಬಿಡೇ. ಮೈಗೆ ಸರಿಯಾಗಿ ಕೂತಿದೆ."

ಟೈಲರಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಟೀಚರಮ್ಮನೇ ಅವಳ ಬೆನ್ನು ಸವರುತ್ತ ಕೂತರು. ಸುತ್ತಲಿದ್ದ ನಮಗ್ಯಾರಿಗೂ ನಮ್ಮ ಅಂಗಿಗಳ ಒಳಮಗ್ಗುಲು ಮುಟ್ಟಿನೋಡುವ ಧೈರ್ಯ ಬರಲಿಲ್ಲ.