ಏಳು ನಿಮಿಷ ಮೊದಲು ಹುಟ್ಟಿದವನು

ಬೇಕರಿಯ ಅವಳಿ ಅಣ್ಣತಮ್ಮಂದಿರನ್ನು ಬೆನ್ನ ಕಡೆಯಿಂದ ನೋಡಿದರೆ ಹೆತ್ತ ತಾಯಿಗೂ ಗುರುತು ಹತ್ತದು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಅವನ ಹೆಸರಿನಲ್ಲಿ ಒಲೆಯ ಮುಂದೆ ನಿಲ್ಲುವುದು ವಾಡಿಕೆ.

ಒಂದು ದಿನ ಎದುರು ಬೀದಿಯ ಹೊಲಿಗೆಯವಳು ಕೂಸನ್ನೆತ್ತಿಕೊಂಡು ಅವರ ತಾಯಿಯ ಬಳಿ ಬಂದಳು.

“ಇದರಪ್ಪ ನಿಮ್ಮ ದೊಡ್ಡ ಮಗ, ಅಮ್ಮಾ.”

“ನಾನಲ್ಲ,” ಎಂದ ದೊಡ್ಡವನು, ಕೂಸಿನ ಕಡೆ ತಿರುಗದೆ.

“ಹಾಗಾದ್ರೆ ಡಿಎನ್‌ಎ ಪರೀಕ್ಷೆ ಆಗ್ಲಿ,” ಎಂದು ಅವಳು ಪಟ್ಟು ಹಿಡಿದಳು.

ದೊಡ್ಡವನು ತಮ್ಮನನ್ನು ಪುಸಲಾಯಿಸಿದ. “ನನ್ನ ಬದಲು ನೀನು ಹೋಗ್ಬಾರೋ. ನಿಂಗೂ ಆ ಮಗೂಗೂ ಸಂಬಂಧ ಇಲ್ವಲ್ಲ!”

ತಮ್ಮ ಅಣ್ಣನ ಗುರುತಿನ ಚೀಟಿ ಹಿಡಿದು ಹೋದ. ಕೆನ್ನೆಯ ಒಳಗಿನಿಂದ ಹತ್ತಿಕಡ್ಡಿಯಲ್ಲಿ ಎಂಜಲು ಕೊಟ್ಟು ಬಂದ. ವರದಿ ಬಂತು: ಕೊಟ್ಟವನೇ ತಂದೆ.

“ಕೊಟ್ಟೋನು ನೀನು. ಅಪ್ಪನೂ ನೀನೇ,” ಎಂದುಬಿಟ್ಟ ದೊಡ್ಡವನು. ಆ ಮಾತು ಕೇಳಿ ತಮ್ಮನ ಹೆಂಡತಿ ಬಟ್ಟೆ ಗಂಟು ಕಟ್ಟಿದಳು.

ತಾಯಿ ದಿಕ್ಕು ತೋಚದೆ ಪಕ್ಕದ ಮನೆಯ ನರ್ಸನ್ನು ಕರೆತಂದಳು. “ಯಂತ್ರ ಸುಳ್ಳು ಹೇಳುತ್ತೇನೇ?”

“ಯಂತ್ರ ಸುಳ್ಳು ಹೇಳಿಲ್ಲ, ದೊಡ್ಡಮ್ಮ. ಮನುಷ್ಯರು ಹೇಳಿದ್ದಾರೆ. ಒಂದೇ ಹಿಟ್ಟಿನ ಉಂಡೆ ಎರಡು ಮಾಡಿ ಬನ್ನು ಸುಟ್ಟರೆ, ರುಚಿ ನೋಡಿ ಯಾವುದು ಯಾವುದು ಅನ್ನೋಕಾಗುತ್ತಾ? ಇವರಿಬ್ಬರೂ ಒಂದೇ ಉಂಡೆ. ಎಲ್ಲ ಅವಳಿಗಳೂ ಹೀಗಿರಲ್ಲ. ಇಂಥ ತದ್ರೂಪದವರಲ್ಲಿ ಮಾತ್ರ ಮಾಮೂಲಿ ಪರೀಕ್ಷೆ ಇಬ್ಬರಿಗೂ ಹೌದು ಅನ್ನುತ್ತೆ.”

“ಹಾಗಾದ್ರೆ ಇಬ್ರೂ ಬಚಾವು!” ಎಂದಳು ತಾಯಿ.

“ಯಾಕೆ ಬಚಾವು? ಇಬ್ಬರದೂ ತಗೊಂಡು ಇನ್ನೂ ಆಳವಾಗಿ ನೋಡೋ ಪರೀಕ್ಷೆ ಇದೆ. ತುಂಬಾ ದಿನ ಹಿಡಿಯುತ್ತೆ, ಖರ್ಚೂ ಹೆಚ್ಚು. ಪ್ರತಿ ಸಲ ಉತ್ತರ ಸಿಕ್ಕೇ ಸಿಗುತ್ತೆ ಅನ್ನಲಾರೆ. ಆದ್ರೆ ಯಾರು ಯಾರ ಜೊತೆ ಓಡಾಡಿದ್ರು ಅನ್ನೋದನ್ನೂ ವಿಚಾರಿಸ್ತಾರೆ. ಬೀದಿಗೆ ಕಣ್ಣಿಲ್ವಾ?”

ತಾಯಿ ಎದ್ದು ಸೊಸೆಯ ಗಂಟನ್ನು ತಾನೇ ಬಿಚ್ಚಿದಳು. ಆಮೇಲೆ ದೊಡ್ಡವನ ಮುಂದೆ ನಿಂತಳು.

“ಏಳು ನಿಮಿಷ ಮೊದಲು ಹುಟ್ಟಿದೋನು ನೀನು. ಮೊದಲು ನೀನೇ ಬಾಯಿ ಬಿಡು. ಇಲ್ಲಾಂದ್ರೆ ನಿಮ್ಮಿಬ್ಬರನ್ನೂ ಆ ಕೂಸನ್ನೂ ನಾನೇ ಕರ್ಕೊಂಡು ಹೋಗಿ ಆ ಪರೀಕ್ಷೆ ಮಾಡಿಸ್ತೀನಿ.”

ಕೈಗಂಟಿದ್ದ ಹಿಟ್ಟನ್ನು ಉಜ್ಜುತ್ತಾ ದೊಡ್ಡವನು ತಲೆ ತಗ್ಗಿಸಿದ. “ನಂದೇ ಅಮ್ಮಾ, ಆ ಮಗು.”

ಅಂದೇ ಎಲ್ಲರೂ ಹೊಲಿಗೆಯವಳ ಮನೆಗೆ ಹೋದರು. ಅವಳು ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. “ಬಾಯಿಮಾತು ಸಾಕಾಗಿದೆ. ಇವನ ಹೆಸರು ಮಗೂ ಕಾಗದದಲ್ಲಿ ಬರ್ಲಿ.”

ಮರುದಿನ ದೊಡ್ಡವನು ಪರೀಕ್ಷಾಲಯಕ್ಕೆ ಹೋಗಿ ನಡೆದದ್ದನ್ನು ಒಪ್ಪಿಕೊಂಡ. ಅಲ್ಲಿಂದ ಜನನ ನೋಂದಣಿ ಕಚೇರಿಗೆ ಹೋಗಿ, ಕೂಸಿನ ಜನನ ಪತ್ರದಲ್ಲಿ ತಂದೆಯ ಜಾಗಕ್ಕೆ ಸ್ವಂತ ಹೆಸರು ಬರೆಸಲು ಅರ್ಜಿಗೆ ಸಹಿ ಹಾಕಿದ.

ಓದುವ ಅಣ್ಣಂದಿರೇ, ಅಕ್ಕಂದಿರೇ, ಇಂಥ ಪರೀಕ್ಷೆಗೆ ಹೋಗುವಾಗ ತದ್ರೂಪದ ಅವಳಿ ಇದ್ದರೆ ಮೊದಲೇ ಹೇಳಿಬಿಡಿ. ಯಾರ ಬದಲೂ ಯಾರೂ ಹೋಗಬೇಡಿ. ವರದಿ ಕೈಗೆ ಬಂದಾಗ ತಿಳಿದವರಿಂದ ಓದಿಸಿ ಅರ್ಥ ಕೇಳಿ. ಅಲ್ಲಿಯವರೆಗೆ ಯಾರ ಮನೆಯಲ್ಲೂ ಬಟ್ಟೆ ಗಂಟು ಕಟ್ಟುವಂತಾಗದಿರಲಿ.