ಹಿಂದಿನ ಕೋಣೆಯ ರಿಮೋಟು

ಹೆಂಡತಿಗೆಂದೇ ಬೇರೆ ಟಿವಿ ಕೊಡಿಸಿದ ಗಂಡ ಎಂದು ಟೈಮ್‌ಕೀಪರಿಗೆ ಬೀದಿಯಲ್ಲಿ ಒಳ್ಳೆಯ ಹೆಸರು ಬಂತು. ಬಸ್ ಡಿಪೋದಲ್ಲಿ ಬಸ್ಸುಗಳು ಹೊರಡುವ ಹೊತ್ತು, ಬರುವ ಹೊತ್ತು ನೋಡಿಕೊಂಡೇ ನಿವೃತ್ತನಾದವನು ಅವನು. ಮನೆಯಲ್ಲೂ ಯಾರು ಯಾವಾಗ ಏನು ಮಾಡಬೇಕೆನ್ನುವುದು ಅವನ ಬಾಯಿಂದಲೇ ಬರಬೇಕು. ಹೆಂಡತಿ ಹಿಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಶಾಲೆಯ ಯೂನಿಫಾರಂ, ಪರದೆ, ದಿಂಬಿನ ಕವರು ಹೊಲಿಯುವವಳು. ಊರಿಗೆಲ್ಲ ಟೈಲರಮ್ಮ. ಅವಳಿಗಿದ್ದ ಆಸೆ ಬೆಟ್ಟದಷ್ಟೇನೂ ಅಲ್ಲ. ಸಂಜೆ ಅರ್ಧ ಗಂಟೆ ಒಂದು ಧಾರಾವಾಹಿ ನೋಡಬೇಕು, ಅಷ್ಟೇ. ಅದು ಶುರುವಾಗುವ ಹೊತ್ತಿಗೇ ಇವನ ನ್ಯೂಸೂ ಶುರುವಾಗುತ್ತಿತ್ತು. ಹಾಗಾಗಿ ಮದುವೆಯಾದಾಗಿನಿಂದ ಅವಳು ಯಾವ ಕಥೆಯನ್ನೂ ಕೊನೆ ಮುಟ್ಟಿಸಿ ನೋಡಿದವಳಲ್ಲ.

ಟಿವಿ ಬಂದ ದಿನ ಅವನ ತಂಗಿಯೂ ತಂಗಿಯ ಗಂಡನೂ ಮನೆಗೆ ಬಂದಿದ್ದರು. ಡಿಶ್‌ನವನು ಹಾಲ್‌ನಲ್ಲಿದ್ದ ಡಿಶ್ ಬಾಕ್ಸಿನಿಂದ ಗೋಡೆಯಂಚಿಗೆ ವೈರೆಳೆದು ಹಿಂದಿನ ಕೋಣೆಯ ಟಿವಿಗೆ ಸಿಕ್ಕಿಸಿದ. ಚಿತ್ರ ಬಂತು. ಟೈಲರಮ್ಮ ಸೆರಗಿನಿಂದ ಟಿವಿಯ ಪರದೆ ಒರೆಸಿ, "ಇದರ ರಿಮೋಟ್ ಎಲ್ಲಿ?" ಎಂದಳು.

"ರಿಮೋಟಾ?" ಟೈಮ್‌ಕೀಪರ್ ಇದಕ್ಕೇ ಕಾದಿದ್ದವನಂತೆ ಬಾಗಿಲಲ್ಲಿ ನಿಂತ. "ಬಾಕ್ಸು ಒಂದೇ ಕಣೇ. ನಾನು ಹಾಲಲ್ಲಿ ಏನು ನೋಡ್ತೀನೋ ನಿನ್ನ ಟಿವೀಲೂ ಅದೇ. ಟಿವಿ ಬೇಕು ಅಂದೆ, ಕೊಡಿಸಿದೆ. ಬೇರೆ ಚಾನೆಲ್ ಬೇಕು ಅಂತ ಯಾವತ್ತು ಕೇಳಿದ್ದೆ?"

ತಂಗಿಯ ಗಂಡ ತೊಡೆ ತಟ್ಟಿಕೊಂಡು ನಕ್ಕ. ತಂಗಿ, "ಅಣ್ಣಾ, ನೀನು ಬಿಡಪ್ಪ, ಭಾರೀ ಕಿಲಾಡಿ" ಎಂದಳು. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ ನೋಡಿ. ಟೈಲರಮ್ಮನೂ ನಕ್ಕಳು. ನಗದೆ ಏನು ಮಾಡುತ್ತಾಳೆ? ಅವಮಾನದಿಂದ ಕಿವಿ ಸುಡುತ್ತಿದ್ದರೂ ನಾಲ್ವರ ಎದುರು ನಗುವುದನ್ನು ಆ ಮನೆಯಲ್ಲಿ ಚೆನ್ನಾಗಿ ಕಲಿತಿದ್ದಳು.

ಅವರೆಲ್ಲ ಕಾಫಿಗೆ ಎದ್ದು ಹೋದ ಮೇಲೆ ಡಿಶ್‌ನವನು ಚೀಲದಿಂದ ಹಳೇ ರಿಮೋಟೊಂದನ್ನು ತೆಗೆದ. ವೈರಿನ ತುದಿಗೆ ಕಡಲೆಕಾಳಿನಷ್ಟು ಗಾತ್ರದ ಕಪ್ಪು ಕಣ್ಣೊಂದನ್ನು ಅಂಟಿಸಿದ.

"ಅಮ್ಮಾ, ಈ ಕಣ್ಣಿಗೆ ಹಿಡಿದು ಒತ್ತಿದ್ರೆ ಅಲ್ಲಿ ಬಾಕ್ಸಲ್ಲಿ ಚಾನೆಲ್ ಬದಲಾಗತ್ತೆ. ಎರಡು ಟಿವೀಲೂ ಬದಲಾಗತ್ತೆ, ಅದು ಮಾತ್ರ ನೆನಪಿರಲಿ. ನಾನು ಗೇಟು ದಾಟೋವರೆಗಾದ್ರೂ ಸಾರ್‌ಗೆ ಹೇಳಬೇಡಿ."

ಅವಳು ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಮೊದಲ ಸಲ ಒತ್ತಿದ್ದು ನಿಜವಾಗಿಯೂ ಧಾರಾವಾಹಿಗಾಗಿಯೇ. ಹಾಲಿನಿಂದ, "ಏ, ಇದೇನಾಯ್ತು?" ಎಂಬ ಕೂಗು ಬಂತು. ಅವನು ನ್ಯೂಸಿಗೆ ಮರಳಿಸಿದ. ಅವಳು ಮತ್ತೆ ಒತ್ತಿದಳು. ಅವನು ಧಡಧಡ ಬರುವಷ್ಟರಲ್ಲಿ ಅವಳೇ ನ್ಯೂಸಿಗೆ ಮರಳಿಸಿದ್ದಳು; ನೋಡಿದರೆ ಟೈಲರಮ್ಮನ ಎರಡು ಕೈಯೂ ಮಿಷನ್ನಿನ ಮೇಲೆ, ರಿಮೋಟು ಬಟ್ಟೆಯ ರಾಶಿಯಡಿ.

"ಚಾನೆಲ್ ತಾನಾಗೇ ಬದಲಾಗ್ತಿದೆಯಲ್ಲ?"

"ಇಲ್ಲವಲ್ಲ ರೀ. ಆಗಿನಿಂದ ನ್ಯೂಸೇ ಬರ್ತಿತ್ತು."

ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಅವನ ಮುಖದಲ್ಲಿ ಏನೋ ಒಂದು ಸಣ್ಣಗೆ ಸರಿದು ಹೋಯಿತು. ಅದು ಭಯ. ಅದರ ಗುರುತು ಅವಳಿಗೆ ಸಿಕ್ಕಿತು, ಯಾಕೆಂದರೆ ಮಾವ ತೀರಿಕೊಂಡಾಗಿನಿಂದ ಅವಳಿಗೆ ಅದು ಗೊತ್ತಿತ್ತು.

ಮಾವನಿಗೆ ಕೊನೆಗಾಲದಲ್ಲಿ ಮರೆವು ಹತ್ತಿತ್ತು. ಮುದುಕ ಗಳಿಗೆಗೊಮ್ಮೆ, "ಟೈಮೆಷ್ಟಪ್ಪ?" ಎಂದು ಮಗನನ್ನು ಕೇಳುತ್ತಿದ್ದ. ಈ ಮಹರಾಯ ಬೆಳಗ್ಗೆ ಕೇಳಿದರೆ ಸಂಜೆ ಎನ್ನುತ್ತಿದ್ದ, ಮಧ್ಯಾಹ್ನ ಕೇಳಿದರೆ ನಡುರಾತ್ರಿ ಎನ್ನುತ್ತಿದ್ದ. ಮುದುಕ ಗಾಬರಿಯಾಗಿ ಹಾಸಿಗೆ ಹಾಸಿಕೊಳ್ಳಲು ಹೋದರೆ ಇವನಿಗೆ ನಗು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕೊನೆಗೆ ಮುದುಕನನ್ನು ಹಿಂದಿನ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದ್ದ. ಅಪ್ಪ ಹೋದ ಮೇಲೆ ಮಾತ್ರ, ತನಗೂ ಹಾಗಾದರೆ ಎಂಬ ಹೆದರಿಕೆ ಅವನ ಹೊಟ್ಟೆಯೊಳಗೆ ಹೊಕ್ಕು ಕೂತುಬಿಟ್ಟಿತು.

ಟೈಲರಮ್ಮನಿಗೆ ಧಾರಾವಾಹಿ ಬೇಡವಾಯಿತು. ಹಾಲಿನಿಂದ ಬರುವ ಅವನ ಕೂಗೇ ಹೆಚ್ಚು ರುಚಿಸತೊಡಗಿತು. ಕಾರ್ಟೂನ್ ಹಾಕಿದಳು, ಕುಸ್ತಿ ಹಾಕಿದಳು, ತಿಳಿಯದ ಭಾಷೆಯ ಚಾನೆಲ್ ಹಾಕಿದಳು. ಅವನು ಕೂಗಿ ಕರೆದು ಅವಳು ಏಳುವಷ್ಟರಲ್ಲಿ ಮತ್ತೆ ನ್ಯೂಸು. "ಎಲ್ಲಿ ರೀ ಕಾರ್ಟೂನು? ಸುಸ್ತಾಗಿದೀರೇನೋ. ಸ್ವಲ್ಪ ಮಲಗಿ." ಅದು ಅವನು ಅಪ್ಪನಿಗೆ ಹೇಳುತ್ತಿದ್ದ ಮಾತು, ಅದೇ ರಾಗದಲ್ಲಿ.

ಅವನು ಡಿಶ್‌ನವನನ್ನು ಕರೆಸಿದ. ಬಾಕ್ಸು ಬಿಚ್ಚಿ, ಪಿನ್ನು ಅಲುಗಾಡಿಸಿ ನೋಡಿದ ಡಿಶ್‌ನವನು ಬಾಗಿಲಲ್ಲಿ ನಿಂತಿದ್ದ ಟೈಲರಮ್ಮನ ಕಡೆ ಒಮ್ಮೆ ನೋಡಿದ. ತನ್ನ ಕೆಲಸಕ್ಕೆ ಸಂಚಕಾರ ಯಾಕೆ ಎಂದುಕೊಂಡನೋ ಏನೋ, "ಬಾಕ್ಸಿಗೆ ಏನೂ ಆಗಿಲ್ಲ ಸಾರ್" ಎಂದುಬಿಟ್ಟ.

"ಸರಿಯಾಗಿ ನೋಡಪ್ಪ. ಏನಾದ್ರೂ ಆಗಿರಬೇಕು. ಆಗಿರಲೇಬೇಕು."

"ಹೊಸದರ ಹಾಗಿದೆ ಸಾರ್."

ಬಾಕ್ಸು ಕೆಟ್ಟಿದೆ ಎನ್ನಿಸಿಕೊಳ್ಳಲು ಒಬ್ಬ ಮನುಷ್ಯ ಹಾಗೆ ಅಂಗಲಾಚುವುದನ್ನು ಟೈಲರಮ್ಮ ನೋಡುತ್ತಾ ನಿಂತಳು. ಅಯ್ಯೋ ಎನಿಸಬೇಕಿತ್ತು. ಹೊಟ್ಟೆಗೆ ಹಾಲು ಹೊಯ್ದಷ್ಟು ತಣ್ಣಗಾಯಿತು.

ಅಲ್ಲಿಂದ ಅವನು ಕುಗ್ಗುತ್ತ ಬಂದ. ಸಂಜೆಯ ತಿರುಗಾಟ ಬಿಟ್ಟ. ಒಲೆ ಆರಿಸಿದ್ದೇನಾ ಎಂದು ಎರಡೆರಡು ಸಲ ಎದ್ದು ನೋಡಿದ. ತಂಗಿ ಫೋನ್ ಮಾಡಿದಾಗ ಟೈಲರಮ್ಮ ಅವನಿಗೆ ಕೇಳಿಸುವಂತೆಯೇ, "ಏನು ಹೇಳಲಿ, ಮಾವನವರ ಹಾಗೇ ಶುರುವಾಗಿದೆ" ಎಂದು ನಿಟ್ಟುಸಿರು ಬಿಟ್ಟಳು. ಆ ಕಡೆಯಿಂದ ತಂಗಿ ನಗಲಿಲ್ಲ. ಅದೂ ಅವಳಿಗೆ ಹಿತವಾಗಿತ್ತು.

ಒಂದು ಮಧ್ಯಾಹ್ನ ಅವನು ಹಿಂದಿನ ಕೋಣೆಗೆ ಬಂದು ಅವಳ ಮಿಷನ್ನಿನ ಪಕ್ಕ ನೆಲದ ಮೇಲೆ ಕೂತ. ಯಾವತ್ತೂ ಕೂತವನಲ್ಲ. ಕತ್ತರಿಸಿ ಬಿದ್ದ ಬಟ್ಟೆಯ ಚೂರೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತಲೆಯೆತ್ತದೆ ಹೇಳಿದ.

"ನನ್ನ ತಲೆ ಪೂರ್ತಿ ಹೋದ ಮೇಲೆ ಏನು ಬೇಕಾದ್ರೂ ಮಾಡು. ಈ ಬಾಗಿಲಿಗೆ ಚಿಲಕ ಮಾತ್ರ ಹಾಕಬೇಡ ಕಣೇ. ಒಳಗಿಂದ ಅಪ್ಪ ತಟ್ಟುತ್ತಿದ್ದದ್ದು ನನಗೆ ಕೇಳಿಸ್ತಿತ್ತು."

ಟೈಲರಮ್ಮನ ಕಾಲು ಪೆಡಲಿನ ಮೇಲೆ ನಿಂತೇಹೋಯಿತು. ಥೂ ನನ್ನ ಜನ್ಮಕ್ಕಿಷ್ಟು, ನನಗೂ ಇವನಿಗೂ ಏನು ವ್ಯತ್ಯಾಸ ಎನಿಸಿತು. ಅವನು ಎದ್ದು ಹೋದ ಮೇಲೆ ರಿಮೋಟಿನ ಬೆನ್ನು ಬಿಚ್ಚಿ ಎರಡೂ ಸೆಲ್ಲು ಕಿತ್ತು ಕಸದ ಬುಟ್ಟಿಗೆ ಹಾಕಿದಳು. ನಾಲ್ಕಾರು ದಿನ ಚಾನೆಲ್ ಅಲುಗದಿದ್ದರೆ ತಾನಾಗಿಯೇ ಧೈರ್ಯ ಬರುತ್ತದೆ, ಹೇಳಿಕೊಳ್ಳುವುದೇನೂ ಬೇಕಿಲ್ಲ ಎಂದುಕೊಂಡಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮುಂದಿನ ವಾರ ಒಂದು ಸಂಜೆ ಅವಳು ಪರದೆಗೆ ಅಂಚು ಹೊಲಿಯುತ್ತಿದ್ದಳು. ಎದುರಿನ ಟಿವಿಯಲ್ಲಿ ನ್ಯೂಸು ಓದುವವನು, ದಿನಾ ಬರುವ ದಪ್ಪ ಕನ್ನಡಕದವನೇ, ಓದುತ್ತಿದ್ದ. ಹಾಲಿನಿಂದ ಕೂಗು ಬಂತು.

"ಏ, ಬಾರೇ ಇಲ್ಲಿ! ಮತ್ತೆ ಬದಲಾಯ್ತು!"

ಅವಳು ತನ್ನ ಟಿವಿ ನೋಡಿದಳು. ಕನ್ನಡಕದವನು ಓದುತ್ತಲೇ ಇದ್ದ. ಹಾಲಿಗೆ ಓಡಿದಳು. ಅಲ್ಲೂ ಅವನೇ. ಬಾಕ್ಸು ಒಂದೇ, ಬೇರೆ ಏನು ಬರಲು ಸಾಧ್ಯ?

"ಇವನ್ಯಾರು?" ಟೈಮ್‌ಕೀಪರ್ ಟಿವಿಯತ್ತ ಬೆರಳು ತೋರಿಸಿದ. "ನನ್ನ ನ್ಯೂಸ್ ಎಲ್ಲಿ ಹೋಯ್ತು? ಇವನನ್ನ ನಾನು ಯಾವತ್ತೂ ನೋಡಿಲ್ಲ."

ಟೈಲರಮ್ಮ ಒಳಗೆ ಹೋಗಿ ಬಟ್ಟೆಯ ರಾಶಿಯಿಂದ ರಿಮೋಟು ಎಳೆದು ತಂದು ಅವನ ಮುಂದೆ ಹಿಡಿದಳು.

"ನಾನೇ ರೀ. ಇಷ್ಟು ದಿನ ನಾನೇ ಬದಲಾಯಿಸ್ತಿದ್ದೆ. ನಿಮ್ಮ ತಲೆಗೆ ಏನೂ ಆಗಿಲ್ಲ. ನಾನು ಪಾಪಿ, ನಾನೇ ಮಾಡಿದ್ದು."

ಅವನು ರಿಮೋಟನ್ನೂ ಅವಳನ್ನೂ ನೋಡಿದ. "ಈಗಲೂ ನೀನೇನಾ?"

ಅವಳು ಟಿವಿಯ ಕನ್ನಡಕದವನನ್ನು ಒಮ್ಮೆ ನೋಡಿದಳು. ಆದರೂ ಹೇಳಿದಳು. "ಹೂಂ. ಈಗಲೂ ನಾನೇ."

"ಹಾಳಾದೋಳೇ! ಮನೆಹಾಳಿ!" ಅವನು ಎದ್ದು ನಿಂತ. ಮುಖದಿಂದ ಹೋಗಿದ್ದ ಕಳೆ ಒಂದೇ ಏಟಿಗೆ ಮರಳಿತು. ಬೈದ, ಕೂಗಾಡಿದ, ಅಳುತ್ತಲೇ ನಕ್ಕ. ತಂಗಿಗೆ ಫೋನ್ ಹಚ್ಚಿದ. "ನನಗೇನೂ ಆಗಿಲ್ಲ ಕಣಮ್ಮ! ನಿಮ್ಮತ್ತಿಗೆದೇ ಕರಾಮತ್ತು! ನನ್ನ ತಲೆ ಗಟ್ಟಿಯಾಗಿದೆ!" ಟೈಲರಮ್ಮ ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಂಡಳು. ಇನ್ನೂ ಬೈಯಲಿ, ಬೈಯುತ್ತಲೇ ಇರಲಿ ಎಂದು ದೇವರಲ್ಲಿ ಕೇಳಿಕೊಂಡಳು.

ಅವನು ಫೋನಿಟ್ಟು ಕುರ್ಚಿಯಲ್ಲಿ ರಾಜನ ಹಾಗೆ ಕೂತ. "ನಾಟಕ ಸಾಕು. ಹಾಕು ನನ್ನ ನ್ಯೂಸು."

ಕನ್ನಡಕದವನು ಇನ್ನೂ ಓದುತ್ತಿದ್ದ. ಟೈಲರಮ್ಮ ಸೆಲ್ಲಿಲ್ಲದ ರಿಮೋಟನ್ನು ಟಿವಿಗೆ ಹಿಡಿದು ಒತ್ತಿದಳು.

"ಹಾಂ, ಈಗ ಬಂತು ನೋಡು" ಎಂದ ಟೈಮ್‌ಕೀಪರ್.