ಅಟ್ಟದ ಮೇಲೆ ಒಣಗಿದ ಕಲ್ಲು

ಕಾರವಾರದ ಕಾಲೇಜೊಂದರ ಭೂಗರ್ಭಶಾಸ್ತ್ರ ವಿಭಾಗದಲ್ಲಿ ನಾನು ಇಪ್ಪತ್ತೇಳು ವರ್ಷ ಅಟೆಂಡರ್ ಆಗಿದ್ದೆ. ಕಲ್ಲು ಒರೆಸುವುದು, ಗಾಜು ತೊಳೆಯುವುದು, ಬಾಗಿಲು ಹಾಕುವುದು, ಇಷ್ಟೇ ನನ್ನ ಕೆಲಸ. ಆದರೆ ಕಪಾಟಿನಲ್ಲಿದ್ದ ಆರುನೂರು ಕಲ್ಲುಗಳಲ್ಲಿ ಯಾವುದನ್ನು ಕೈಗಿಟ್ಟರೂ ಕಣ್ಣು ಮುಚ್ಚಿ ಹೆಸರು ಹೇಳುತ್ತಿದ್ದೆ. ಎಷ್ಟೋ ಲೆಕ್ಚರರುಗಳು ಬಂದರು, ಹೋದರು. ಅವರಿಗೇ ಅನುಮಾನ ಬಂದಾಗ ಮಕ್ಕಳಿಗೆ ಬೆನ್ನು ಹಾಕಿ, "ಗೌಡ್ರೇ, ಇದು ಎಂತದು?" ಎಂದು ಪಿಸುಗುಡುತ್ತಿದ್ದರು. ನಾನು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆದು ಕೈ ಜಾಡಿಸಿಕೊಳ್ಳುತ್ತಿದ್ದರು. ಒಬ್ಬನಾದರೂ "ಇದು ನಮ್ಮ ಬೀರು ಗೌಡ ಹೇಳಿದ್ದು" ಎನ್ನಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಬಂದ ಸಿಟ್ಟನ್ನು ಮನೆಗೆ ಒಯ್ಯುತ್ತಿದ್ದೆ.

ಪ್ರದೀಪ ಸರ್ ಮಾತ್ರ ಬೇರೆ ಜಾತಿಯ ಮನುಷ್ಯ. ಅಲ್ಲೇ ಹತ್ತಿರದ ಹಣಕೋಣದ ಹುಡುಗ, ತಾತ್ಪೂರ್ತಿಕ ಲೆಕ್ಚರರ್. ವರ್ಷಕ್ಕೊಮ್ಮೆ ಕಾಲೇಜಿನವರು ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನನ್ನು ಗೌಡ್ರೇ ಎನ್ನದೆ ಬೀರಣ್ಣ ಎಂದು ಕರೆದವನು ಅವನೊಬ್ಬನೇ.

ಎರಡು ಸಾವಿರದ ಆರರ ಮೇ ತಿಂಗಳು. ನಮ್ಮ ಊರು ಅಂಕೋಲೆಯ ಕಡೆ, ಸಮುದ್ರದ ಬಗಲಿಗೇ ಗುಡ್ಡ. ಗುಡ್ಡದ ನೆತ್ತಿಯಲ್ಲಿ ಒಂದು ಕಾಲಕ್ಕೆ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ ಭಟ್ಟಿ ಇತ್ತು. ಆ ಚಿಪ್ಪಿನ ರಾಶಿ ಈಗಲೂ ಅಲ್ಲೇ ಬಿದ್ದಿತ್ತು. ಅದರ ನೇರ ಕೆಳಗೆ, ಅಲೆ ಬಡಿಯುವಲ್ಲಿ, ಒಂದು ಗವಿ. ನೀರು ಪೂರಾ ಇಳಿದಾಗ ಮಾತ್ರ ಒಳಗೆ ಹೋಗಲು ಬರುತ್ತದೆ. ಬಂಡೆಗೆ ಅಂಟಿದ ಚಿಪ್ಪುಮೀನು ಕೀಳಲು ಹೋದವನು ಒಳಗೆ ಇಣುಕಿದೆ. ಗೋಡೆಯ ಮೇಲೆ ಬಿಳಿ ಹೆಪ್ಪು, ಹೂಕೋಸಿನ ಹಾಗೆ ಉಬ್ಬುಬ್ಬಾಗಿ ಬೆಳೆದಿತ್ತು. ಮೇಲಿನಿಂದ ಸುಣ್ಣದ ನೀರು ತೊಟ್ಟಿಕ್ಕುವುದು, ಕೆಳಗಿನಿಂದ ಉಪ್ಪುನೀರಿನ ತುಂತುರು ಹಾರುವುದು. ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸೈಟ್, ಎಂದುಕೊಂಡು ಉಗುರಿನಿಂದ ಗೀರಿದೆ. ಗೀರು ಬಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ಕ್ಯಾಲ್ಸೈಟ್ ಉಗುರಿಗೆ ಬಗ್ಗುವ ಪೈಕಿಯಲ್ಲ.

ಸಣ್ಣ ಚೂರೊಂದನ್ನು ತಂದು ಫ್ಯಾನಿನ ಗಾಳಿಗೆ ನಾಲ್ಕು ದಿನ ಆರಿಸಿ ಪ್ರದೀಪ ಸರ್ ಮುಂದೆ ಇಟ್ಟೆ. ಅವನು ಆಸಿಡ್ ಒಂದು ತೊಟ್ಟು ಬಿಟ್ಟ. ಭುಸ್ ಎಂದು ನೊರೆ ಎದ್ದಿತು.

"ಕಾರ್ಬೊನೇಟೇ ಬೀರಣ್ಣ, ಇನ್ನೇನು?" ಎಂದ.

"ಗೀರಿ ನೋಡಿ ಸರ್."

ಗೀರಿದ. ಹುಬ್ಬು ಏರಿತು. "ಜಿಪ್ಸಮ್ ಬೆರೆತಿರಬೇಕು" ಎಂದ. ಜಿಪ್ಸಮ್ ಮೆತ್ತಗೆ, ಉಗುರಿಗೆ ಬಗ್ಗುತ್ತದೆ, ನಿಜ. ಆದರೆ ಅದಕ್ಕೆ ಆಸಿಡ್ ಹಾಕಿದರೆ ನೊರೆ ಬರುವುದಿಲ್ಲ. ಸ್ವಲ್ಪ ಪುಡಿ ಮಾಡಿ ಒಂದು ಬದಿ ಮುಚ್ಚಿದ ಗಾಜಿನ ನಳಿಗೆಯಲ್ಲಿ ಹಾಕಿ ದೀಪದ ಮೇಲೆ ಹಿಡಿದೆವು. ಕ್ಯಾಲ್ಸೈಟ್ ಆಗಿದ್ದರೆ ನಳಿಗೆ ಒಣಗಿಯೇ ಇರಬೇಕು. ನಮ್ಮ ಕಣ್ಣೆದುರಿಗೇ ನಳಿಗೆಯ ಬಾಯಿಯ ಹತ್ತಿರ ನೀರಿನ ಹನಿಗಳು ಕೂತವು. ನೀರಲ್ಲಿ ಮುಳುಗಿಸಿ ತೂಗಿದಾಗ ಕ್ಯಾಲ್ಸೈಟ್‌ಗಿಂತ ಹಗುರ ಬಂತು. ನೊರೆಯೂ ಉಂಟು, ಒಳಗೆ ನೀರೂ ಉಂಟು, ಅಂಥ ಕಲ್ಲು ನಮ್ಮ ಕಪಾಟಿನಲ್ಲಿ ಒಂದೂ ಇರಲಿಲ್ಲ.

ಪ್ರದೀಪ ಸರ್ ದಪ್ಪ ಪುಸ್ತಕ ತೆಗೆದ. ಕಾರ್ಬೊನೇಟ್ ಖನಿಜಗಳನ್ನು ಅದರಲ್ಲಿ ಎರಡು ಪಂಗಡ ಮಾಡಿದ್ದರು, ನೀರಿಲ್ಲದವು ಮತ್ತು ಹರಳಿನ ಒಳಗೇ ನೀರು ಕಟ್ಟಿಕೊಂಡವು. ಎರಡನೆಯ ಪಂಗಡ ತೀರಾ ಸಣ್ಣದು. ಅದರಲ್ಲಿ ಒಂದು ಹೆಸರಿನ ಮೇಲೆ ಅವನ ಬೆರಳು ನಿಂತಿತು. ಮೊನೋಹೈಡ್ರೋಕ್ಯಾಲ್ಸೈಟ್.

"ದೇವಾ!" ಎಂದ. "ಜಗತ್ತಿನಲ್ಲಿ ಬೆರಳೆಣಿಕೆ ಜಾಗದಲ್ಲಿ ಸಿಕ್ಕಿದ್ದು ಬೀರಣ್ಣ! ಇದು ಖರೇ ಆದ್ರೆ ಸಂಶೋಧನೆಯ ಪೇಪರಲ್ಲಿ ಮೊದಲು ನಿಮ್ಮ ಹೆಸರು. ನಾನು ಎರಡನೇದು."

ನಾನು ಮುಖ ತಿರುಗಿಸಿ ನಳಿಗೆ ತೊಳೆಯಲು ಹೋದೆ. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಅವನಿಗೆ ತೋರಿಸುವುದು ಬೇಡವಾಗಿತ್ತು. ಆಫೀಸಿನ ಗುಮಾಸ್ತ ವಿಕಾಸನಿಗೆ ಈ ಪೇಪರಿನ ಸುದ್ದಿ ಹೇಗೋ ಗೊತ್ತಾಗಿ, "ಗೌಡ್ರು ಇನ್ನು ಸನ್ಮಾನ ಇಲ್ದೆ ಕಸ ಹೊಡೆಯೂದಿಲ್ಲ ಅಂತೆ!" ಎಂದು ನಗಾಡಿದ. ನಗಲಿ, ಪೇಪರ್ ಬಂದ ದಿನ ಅವನ ಮೇಜಿನ ಮೇಲೇ ತೆರೆದಿಡುತ್ತೇನೆ ಎಂದುಕೊಂಡೆ.

ಧಾರವಾಡದ ಪ್ರೊಫೆಸರೊಬ್ಬರಿಗೆ ಪ್ರದೀಪ ಸರ್ ಪತ್ರ ಬರೆದ. ಅಲ್ಲಿ ಎಕ್ಸ್-ರೇ ಹಾಯಿಸಿ ಹರಳಿನ ಗುಟ್ಟು ಹೇಳುವ ಯಂತ್ರ ಉಂಟು. ಜೂನ್ ಕೊನೆಗೆ ಉತ್ತರ ಬಂತು. ಮುಷ್ಟಿಯಷ್ಟು ಹೊಸ ಗಟ್ಟಿ ತನ್ನಿ, ಒದ್ದೆ ಬಟ್ಟೆಯಲ್ಲೇ ಸುತ್ತಿ ತನ್ನಿ, ಬಿಸಿ ಮಾತ್ರ ತಾಗಬಾರದು, ತಾಗಿದರೆ ಒಳಗಿನ ನೀರು ಬಿಟ್ಟು ಮಾಮೂಲಿ ಕ್ಯಾಲ್ಸೈಟ್ ಆಗಿಬಿಡುತ್ತದೆ. ನಿಜವೆಂದು ಕಂಡರೆ ತಾವೇ ಬಂದು ಗವಿ ನೋಡುವುದಾಗಿಯೂ, ಗವಿ ಕಾಪಾಡಲು ಸರ್ಕಾರಕ್ಕೆ ಬರೆಯುವುದಾಗಿಯೂ ಹೇಳಿದ್ದರು. ಅದು ಅಗತ್ಯವೂ ಇತ್ತು. ಗುಡ್ಡದ ಆಚೆ ಬದಿಯಲ್ಲಿ ಕಂಟ್ರಾಕ್ಟರನೊಬ್ಬ ಬಂದರಿನ ತಡೆಗೋಡೆಗೆಂದು ಬಂಡೆ ಸಿಡಿಸುತ್ತಿದ್ದ. ದಿನಾ ಸಂಜೆ ನಾಲ್ಕಕ್ಕೆ ಸೈರನ್, ಆಮೇಲೆ ಢಂ. ಮಳೆ ಹೊಯ್ದರೂ ಅವನ ಕೆಲಸ ನಿಂತಿರಲಿಲ್ಲ.

ಜುಲೈಯಲ್ಲಿ ಆ ಗವಿಗೆ ಹೋಗುವವನು ಹುಚ್ಚ. ನಾನು ಹೋದೆ. ಹುಣ್ಣಿಮೆಯ ಇಳಿತ ನೋಡಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿ, ಅಲೆಯಿಂದ ಎರಡು ಸಲ ಹೊಡೆಸಿಕೊಂಡು, ಮೊಣಕಾಲು ಕೆತ್ತಿಸಿಕೊಂಡು ಗಟ್ಟಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ತಂದೆ. ಮನೆ ಸೇರುವಾಗ ಹಲ್ಲು ಕಟಕಟ ಎನ್ನುತ್ತಿತ್ತು, ಜ್ವರ ಏರಿತ್ತು. ಡಬ್ಬಿಯನ್ನು ಹೆಂಡತಿ ದೇವಿಯ ಕೈಗೆ ಕೊಟ್ಟೆ.

"ಇದೆಂತಾ?" ಎಂದಳು.

"ಕಾಲೇಜಿಂದು. ಜೋಪಾನ ಇಡು."

"ಎಂತಾ ಕಲ್ಲು ಅಂತ ಕೇಳ್ದೆ."

"ಹೇಳಿದ್ರೆ ನಿಂಗೆ ತಿಳೂದುಂಟಾ? ಇಡು ಅಂದ್ರೆ ಇಡು."

ಇಷ್ಟೇ ನಾನು ಆಡಿದ ಮಾತು. ಆಮೇಲೆ ಕಂಬಳಿ ಹೊದ್ದು ಬಿದ್ದವನು ಮೂರು ದಿನ ಏಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಪ್ರದೀಪ ಸರ್ ಕಾರವಾರದಿಂದ ಹುಬ್ಬಳ್ಳಿ ಬಸ್ಸು ಹತ್ತಿ ಧಾರವಾಡಕ್ಕೆ ಹೊರಟಿದ್ದ. ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಆಗ ನಾನು ಕಲ್ಲು ಕೊಡಬೇಕೆಂದು ಮೊದಲೇ ಮಾತಾಗಿತ್ತು. ಡಬ್ಬಿ ಕೇಳಿದೆ. ದೇವಿ ಒಲೆಯ ಮೇಲಿನ ಅಟ್ಟಕ್ಕೆ ಕೈ ಹಾಕಿದಳು.

ನಮ್ಮ ಕಡೆ ಆಷಾಢದಲ್ಲಿ ಜೋಪಾನ ಇಡುವುದು ಎಂದರೆ ಅದೇ. ಒಣಮೀನು, ಮುರುಗಲ ಸಿಪ್ಪೆ, ಬೀಜದ ಹೀರೆಕಾಯಿ, ಮಕ್ಕಳ ಪುಸ್ತಕ, ರೇಷನ್ ಕಾರ್ಡು, ಬೂಷ್ಟು ಹಿಡಿಯಬಾರದ್ದೆಲ್ಲ ಒಲೆಯ ಬಿಸಿಗೆ, ಹೊಗೆಗೆ. ಅವಳು ಒದ್ದೆ ಬಟ್ಟೆ ಬಿಚ್ಚಿ ಎಸೆದು, ಕಲ್ಲನ್ನು ಒಣಸೀಗಡಿಯ ಬುಟ್ಟಿಯ ಪಕ್ಕ ಇಟ್ಟು, ಮೂರು ದಿನ ಮೂರು ಹೊತ್ತು ಕೆಳಗೆ ಬೆಂಕಿ ಹಾಕಿದ್ದಳು. ಸಾಲದ್ದಕ್ಕೆ ದಿನಕ್ಕೆರಡು ಸಲ ಮಗ್ಗಲು ಬದಲಿಸಿದ್ದಳು.

"ತೊಟತೊಟ ನೀರು ಇಳೀತಿತ್ತು ಮಾರಾಯ್ರೇ. ಈಗ ನೋಡಿ, ಎಷ್ಟು ಚಂದ ಒಣಗಿದೆ!" ಎಂದು ನಗುತ್ತಾ ಕೊಟ್ಟಳು.

ಕಲ್ಲು ಬೆಚ್ಚಗಿತ್ತು, ಹೊಗೆ ವಾಸನೆ ಹೊಡೆಯುತ್ತಿತ್ತು. ಉಗುರು ಒತ್ತಿದೆ. ಗೀರು ಬೀಳಲಿಲ್ಲ. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಬೈಗುಳ ಪೂರಾ ಕೇಳಿಸಿಕೊಂಡು, "ಒಣಗಬಾರ್ದು ಅಂತ ಒಂದು ಮಾತು ಹೇಳಿದ್ರೆ ನಾ ಮುಟ್ತಿದ್ನಾ?" ಎಂದಳು. ಲೆಕ್ಚರರುಗಳಿಗೆಲ್ಲ ಕಲ್ಲಿನ ಪಾಠ ಹೇಳಿದವನು ಮನೆಯಲ್ಲಿ ಒಂದು ಕಲ್ಲಿನ ಹೆಸರೂ ಹೇಳಿದವನಲ್ಲ.

ಬಸ್ಸಿಗೆ ಅರ್ಧ ಗಂಟೆ ಉಳಿದಿತ್ತು. ದಾರಿಯುದ್ದಕ್ಕೂ ಹೇಳಿಬಿಡಬೇಕು ಎಂದೇ ನಡೆದೆ. ಬಸ್‌ಸ್ಟ್ಯಾಂಡಿಗೆ ಬಂದಾಗ ವಿಕಾಸನ ಮುಖ ಕಣ್ಣ ಮುಂದೆ ಬಂತು. ಗೌಡ್ರ ಮನೇಲಿ ಸೀಗಡಿ ಸಂಗಡ ಕಲ್ಲಿಂದೂ ಸುಕ್ಕಾ ಮಾಡಿದ್ರಂತೆ ಎಂದು ಸ್ಟಾಫ್ ರೂಮೆಲ್ಲ ನಗುವುದು ಕಿವಿಗೇ ಕೇಳಿಸಿತು. ನಲ್ಲಿಯ ಕೆಳಗೆ ಟವೆಲ್ ಹಿಡಿದು ಒದ್ದೆ ಮಾಡಿ ಕಲ್ಲಿಗೆ ಸುತ್ತಿ ಡಬ್ಬಿಗೆ ಹಾಕಿದೆ. ಕಲ್ಲಿನ ನಡುವಿನಲ್ಲಿ ಸ್ವಲ್ಪವಾದರೂ ಹಾಗೇ ಉಳಿದಿದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಬಸ್ಸು ಬಂತು. ಪ್ರದೀಪ ಸರ್ ಕಿಟಕಿಯಿಂದ ಎರಡೂ ಕೈ ಚಾಚಿ ಮಗುವನ್ನು ಎತ್ತಿಕೊಳ್ಳುವ ಹಾಗೆ ಡಬ್ಬಿ ತೆಗೆದುಕೊಂಡ.

"ಬಿಸಿ ತಾಗ್ಲಿಲ್ಲ ಅಲಾ, ಬೀರಣ್ಣ?"

"ಛೇ, ಇಲ್ಲ ಸರ್."

ಒಂದು ವಾರಕ್ಕೆ ವರದಿ ಬಂತು. ಕ್ಯಾಲ್ಸೈಟ್. ನೀರಿನ ಅಂಶ ಇಲ್ಲ. ಕೆಳಗೆ ಪ್ರೊಫೆಸರು ಕೈಯಿಂದ ಎರಡು ಸಾಲು ಬರೆದಿದ್ದರು, ಮುಂದೆ ಇಂಥ ಅವಸರ ಮಾಡಬೇಡಿ ಎಂದು. ಪ್ರದೀಪ ಸರ್ ಅದನ್ನು ಹಿಡಿದುಕೊಂಡು ಲ್ಯಾಬಿನಲ್ಲಿ ನನ್ನೆದುರು ಕೂತ.

"ಎಲ್ಲಿ ತಪ್ಪಿತು ಬೀರಣ್ಣ? ಕೊಡೂ ತನಕ ಒದ್ದೆಯಲ್ಲೇ ಇತ್ತಾ?"

ಆಗಲಾದರೂ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ. ಅವನು ನಗುವವನೂ ಅಲ್ಲ. "ಒದ್ದೆಯಲ್ಲೇ ಇತ್ತು" ಎಂದೆ. ಅಮಾಸೆಗೆ ನಾಲ್ಕು ದಿನ ಇತ್ತು. ಅವತ್ತಿನ ಇಳಿತಕ್ಕೆ ಸುಮ್ಮನೆ ಹೋಗಿ ಇನ್ನೊಂದು ಗಟ್ಟಿ ತಂದು ಅವನ ಮುಂದೆ ಇಟ್ಟರಾಯಿತು, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಅವನು ವರದಿಯನ್ನು ಮಡಚಿ ಜೇಬಿಗೆ ಹಾಕಿದ. ಆಮೇಲೆ, "ಹಾಗಾದ್ರೆ ತಪ್ಪು ನನ್ನದೇ. ಮೇ ತಿಂಗಳಲ್ಲಿ ನಳಿಗೆ ಸರಿ ಒಣಗಿಸ್ಲಿಲ್ಲ ಕಾಣ್ತದೆ, ಆ ಹನಿ ಅದರದ್ದೇ" ಎಂದ. ನಳಿಗೆ ಒಣಗಿಸಿದವನು ನಾನು. ಒಂದು ಹನಿಯೂ ಇಲ್ಲದೆ ಒಣಗಿತ್ತು.

ಅಮಾಸೆಗೆ ಎರಡು ದಿನ ಮುಂಚೆ, ಸಂಜೆ ನಾಲ್ಕಕ್ಕೆ ಸೈರನ್ ಕೂಗಿತು. ಅವತ್ತಿನ ಢಂ ಬೇರೆಯೇ ಇತ್ತು. ಮನೆಯ ಹಂಚು ಅದುರಿದವು. ಓಡಿಹೋಗಿ ನೋಡಿದರೆ ಗುಡ್ಡದ ನೆತ್ತಿ, ಚಿಪ್ಪಿನ ರಾಶಿ, ಎಲ್ಲ ಕುಸಿದು ಸಮುದ್ರಕ್ಕೆ ಇಳಿದಿತ್ತು. ಗವಿ ಇದ್ದಲ್ಲಿ ಲಾರಿಯಷ್ಟು ದೊಡ್ಡ ಬಂಡೆಗಳು. ಆ ಮಳೆಯಲ್ಲಿ ನಿಂತು ನಾನು ಅತ್ತೆ. ಬೈಯಲು ಕಂಟ್ರಾಕ್ಟರನ ಹೆಸರು ಬಾಯಿಗೆ ಬಂತು, ಆದರೆ ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲೇ ನಾನು ಬಾಯಿ ಬಿಟ್ಟಿದ್ದರೆ ಪ್ರದೀಪ ಸರ್ ಅವತ್ತೇ ಧಾರವಾಡಕ್ಕೆ ಫೋನು ಮಾಡಿ, ಮರುದಿನವೇ ನನ್ನ ಜೊತೆ ಹಗ್ಗ ಹಿಡಿದು ನಿಲ್ಲುತ್ತಿದ್ದ ಎಂಬುದೂ ನನಗೆ ಗೊತ್ತಿತ್ತು.

ಮುಂದಿನ ವರ್ಷ ಪ್ರದೀಪ ಸರ್‌ಗೆ ಕರೆ ಬರಲಿಲ್ಲ. ಧಾರವಾಡದವರ ಮುಂದೆ ಕಾಲೇಜಿನ ಮಾನ ಕಳೆದ ಎಂದು ಪ್ರಿನ್ಸಿಪಾಲರು ಹೇಳಿದರಂತೆ. ಧಾರವಾಡದಿಂದ ವಾಪಸು ಬಂದ ತುಂಡಿಗೆ ಚೀಟಿ ಅಂಟಿಸು ಎಂದರು. ಅಂಟಿಸಿದೆ. ಕ್ಯಾಲ್ಸೈಟ್ ಎಂದು ನನ್ನ ಕೈಯಾರೆ ಬರೆದೆ. ಸುಳ್ಳೇನೂ ಅಲ್ಲ, ಅಷ್ಟರಲ್ಲಿ ಅದು ಕ್ಯಾಲ್ಸೈಟೇ ಆಗಿತ್ತು.

ಎರಡು ವರ್ಷದ ಮೇಲೆ ಅವನು ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಹಣಕೋಣದ ಹತ್ತಿರ ಯಾವುದೋ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದನಂತೆ. ಸೊರಗಿದ್ದ. ನನ್ನನ್ನು ಕಂಡದ್ದೇ ಬ್ಯಾಗು ಕೆಳಗಿಟ್ಟು ಕೈ ಹಿಡಿದುಕೊಂಡ, ಚಾ ಕುಡಿಸಿದ. ದೇವಿಯ ಆರೋಗ್ಯ ಕೇಳಿದ.

"ನಿಮ್ಮ ಕತೆ ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳ್ತೆ ಬೀರಣ್ಣ" ಎಂದ. "ಒಬ್ಬ ಮನುಷ್ಯ ಜೀವ ಪಣಕ್ಕಿಟ್ಟು ಸಮುದ್ರದಿಂದ ಕಲ್ಲು ತಂದ, ಹೇಳಿದ ಹಾಗೇ ಒದ್ದೆ ಬಟ್ಟೆಯಲ್ಲೇ ಜೋಪಾನ ಮಾಡಿ ಕೊಟ್ಟ. ನಾನು ಒಂದು ನಳಿಗೆ ಒಣಗಿಸೂಕೆ ಆಲಸ್ಯ ಮಾಡಿ ಅವನ ಶ್ರಮ ಎಲ್ಲಾ ನೀರುಪಾಲು ಮಾಡಿದೆ. ಬೀರು ಗೌಡ ಅಂತ ನಿಮ್ಮ ಹೆಸರು ಬೋರ್ಡಿನ ಮೇಲೆ ಬರೀತೆ. ಅಷ್ಟಾದ್ರೂ ಮಾಡ್ಬೇಕಲಾ?"

ನನ್ನ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಅಂಕೋಲಾ ಅಂಕೋಲಾ ಎಂದು ಕೂಗುತ್ತಿದ್ದ. ಹೇಳಲು ಇನ್ನೂ ಎರಡು ನಿಮಿಷ ಇತ್ತು.

"ಒಳ್ಳೇದು ಸರ್" ಎಂದು ಹೇಳಿ ಬಸ್ಸು ಹತ್ತಿದೆ.